ಬಕೆಟಿನಲ್ಲಿ ಬಸಳೆ

ಹಲೋ… ಹಲೋ, ಯಾರು ಮಾತಾಡುವುದು?

…

ಯಾರು? ಕ್ರೆಡಿಟ್ ಕಾರ್ಡಿನವರಾದರೆ ಈಗಲೇ ಇಟ್ಟುಬಿಡಿ ಮಾರಾಯ್ರೆ, ಬೆಳಿಗ್ಗೆ ಬೆಳಿಗ್ಗೆ ನನ್ನ ಮಂಡೆ ಸರಿ ಇಲ್ಲ.

…

ಹೋ, ನೆಲ್ಲಿ ಟೀಚರಾ! ನಂಬರ್ ಬೇರೆ ಬಂತಲ್ಲ, ಹಾಗೆ ಗೊತ್ತಾಗಲಿಲ್ಲ. ನಿಮ್ಮ ಫೋನಿಗೆ ಎಂತಾಯ್ತು? … ಚಾರ್ಜ್ ಇಲ್ವಾ. ಹಾಂ. ಎಲ್ಲಿಂದ, ಶಾಲೆಯ ತೋಟದಿಂದಲಾ? ಹಾಗಾದರೆ ಬಾವಿ ಹತ್ತಿರ ನಿಲ್ಲಬೇಡಿ, ಅಲ್ಲಿ ಲೈನ್ ಕಟ್ಟಾಗ್ತದೆ. ಗೇಟಿನ ಕಡೆಗೆ ಬನ್ನಿ. … ಹಾಂ, ಈಗ ಕೇಳ್ತದೆ.

…

ಕಾಲುಗಂಟು ಟೀಚರ್. ನಿನ್ನೆಯಿಂದ ಹಿಡ್ಕೊಂಡದ್ದು, ಬಿಡುವುದೇ ಇಲ್ಲ. ಇಲ್ಲದಿದ್ದರೆ ಕೆಡ್ಡಸದ ಕೊನೆಯ ದಿನ ನಾನು ಬರದೆ ಮನೆಯಲ್ಲಿ ಕೂರ್ತೇನಾ? ಶಾಲೆಯ ಹಿಂದೆ ಆ ಹತ್ತು ಸೆಂಟ್ಸ್ ಜಾಗದಲ್ಲಿ ಬರೀ ಹಂಚಿನ ಚೂರು, ಒಡೆದ ಬಾಟ್ಲಿ ಇದ್ದ ಕಾಲದಿಂದ, ಏಳು ವರ್ಷ, ಮಕ್ಕಳನ್ನು ಸುತ್ತ ನಿಲ್ಲಿಸಿ ಭೂಮಿಗೆ ಎಣ್ಣೆ ಬಿಟ್ಟವಳು ಈ ವಾರಿಜಾಕ್ಷಿಯೇ ಅಲ್ವಾ? … ಅಲ್ಲ, ಸುಮ್ಮನೆ ಕೇಳುವುದು. ಈ ಸಲ ಯಾರು ಬಿಟ್ಟದ್ದು?

…

ಆಶಾಲತಾ. ಹಾಂ… ಅದೇ ಅಂದ್ಕೊಂಡೆ. ಗ್ಲೌಸ್ ತೆಗೆದು ಬಿಟ್ಟಳಾ, ಹಾಕಿಕೊಂಡೇ ಬಿಟ್ಟಳಾ?

…

ಅಲ್ಲ ಟೀಚರ್, ಕುಶಾಲು ಅಲ್ಲ. ಅವಳು ಮಣ್ಣು ಮುಟ್ಟುವುದು ಗ್ಲೌಸಿನಲ್ಲೇ, ನೋಡಿದ್ದೇನಲ್ಲ. ಗುಲಾಬಿ ಬಣ್ಣದ್ದು. … ಎಂತ? ಎಂತ ಅಂದ್ರಿ? ಮಕ್ಕಳು ಅಳ್ತಿದ್ದಾರಾ? ಯಾಕೆ?

…

ಹೊಂಡವಾ? … ಬಸಳೆಯ ಬುಡದಲ್ಲಿ! ಅಯ್ಯೋ ದೇವರೇ. ಬಳ್ಳಿಯೇ ಇಲ್ವಾ? ಬೇರು ಸಮೇತ ಹೋಗಿದೆಯಾ? ಕೆಡ್ಡಸದಲ್ಲಿ ಅಗೆದದ್ದಾ! ಭೂಮಿತಾಯಿ ಮುಟ್ಟಾಗಿ ಕೂತ ಮೂರು ದಿನ, ಪಿಕ್ಕಾಸು ಮುಟ್ಟಬಾರದು, ಒಂದು ಹುಲ್ಲು ಕೀಳಬಾರದು ಅಂತ ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಲ್ವಾ? ಗೇಟಿಗೆ ಕಾಗದ ಕೂಡ ಅಂಟಿಸಿದ್ದರು. 'ಭೂಮಿಗೆ ಮೂರು ದಿನ ರಜೆ' ಅಂತ. ಆ ಪ್ರಾಪ್ತಿ ಉಂಟಲ್ಲ, ಆರನೇ ಕ್ಲಾಸಿನ ಎರಡು ಜಡೆಯ ಹುಡುಗಿ, ಅವಳು ಬರೆದದ್ದು. ಆ ಕಾಗದ ನೋಡಿಯೂ ಒಳಗೆ ಹೋದರಾ ಅಂತ! ಎಂಥ ಜನ!

…

ಎರಡು ಹೊಂಡ? ಇಲ್ಲ ಇಲ್ಲ, ಒಂದೇ. … ಅಂದರೆ ಒಂದೇ ಇರಬೇಕು ಅಂತ ನಾನು ಹೇಳಿದ್ದು. ಬಸಳೆಗೆ ಬುಡ ಒಂದೇ ಅಲ್ವಾ. ಇನ್ನೊಂದು ಹೆಗ್ಗಣದ್ದಿರಬೇಕು.

…

ಬೀಗ ಮುರಿದಿಲ್ಲ. ಹಾಂ. ಗೇಟಿನ ಕೀ ಇರುವುದು ಮೂರು. ಒಂದು ನಿಮ್ಮ ಆಫೀಸಿನಲ್ಲಿ. ಒಂದು… ಒಂದು ನನ್ನಲ್ಲಿ. ಇನ್ನೊಂದು ಡಿಸೆಂಬರಿನಲ್ಲಿ ಅವಳಿಗೆ ಮಾಡಿಸಿಕೊಟ್ಟದ್ದು. ನನ್ನನ್ನು ಒಂದು ಮಾತು ಕೇಳದೆ ಮಾಡಿಸಿಕೊಟ್ಟದ್ದು. ಇರಲಿ, ಅದು ಈಗ ಬೇಡ.

…

ಹೌದಾ? ನಾನಾಗಿರಲಿಕ್ಕೆ ಸಾಧ್ಯವೇ ಇಲ್ಲ ಅಂತ ಮಕ್ಕಳು ಹೇಳಿದ್ರಾ? ಎಲ್ಲರೂ ಹೇಳಿದ್ರಾ? … ಹ್ಞೂಂ… ಮತ್ತೆ! ಕೆಡ್ಡಸದಲ್ಲಿ ವಾರಿಜಾಕ್ಷಿ ಮಣ್ಣು ಮುಟ್ಟುವುದುಂಟಾ?

…

ಹೇಳ್ತೇನೆ ಕೇಳಿ. ಅವಳೇ ಇರಬೇಕು. ಮುಂಬೈಯಲ್ಲಿ ಗಂಡನ ಹೋಟೆಲಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತು ಬಂದವಳಿಗೆ ಕೆಡ್ಡಸ ಎಂತ ಗೊತ್ತು? ಅವರ ಹಿರಿಯರಿಗೆ ಗದ್ದೆ ಇತ್ತಂತೆ, ಇರಬಹುದು. ಗದ್ದೆಗೆ ಇಳಿದದ್ದು ಯಾರು? ನಮ್ಮಂಥವರು. ಈಗ ಕೊಟ್ಟಾರದ ಫ್ಲ್ಯಾಟಿನಿಂದ ಕಾರಿನಲ್ಲಿ ಬಂದು, ಟೊಪ್ಪಿ ಇಟ್ಟುಕೊಂಡು, ಮಕ್ಕಳಿಗೆ ಮಣ್ಣು ಹೇಗಿರಬೇಕು ಅಂತ ಪಾಠ! ಹೊಸತರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತ ಗಾದೆಯೇ ಉಂಟಲ್ಲ.

…

ಹೊಟ್ಟೆಕಿಚ್ಚಾ? ನನಗಾ? ಟೀಚರ್, ನೀವು ಮೂವತ್ತು ವರ್ಷ ಕನ್ನಡ ಕಲಿಸಿದವರು, ಮಾತು ಸ್ವಲ್ಪ ಅಳೆದು ಆಡಬೇಕು. … ಸರಿ ಮಾರಾಯ್ರೆ, ಹೊಟ್ಟೆಕಿಚ್ಚೇ. ಇಲ್ಲದೆ ಇರ್ತದಾ? ಅವಳು ಬಂದು ಎಂಟು ತಿಂಗಳು ಆಗಲಿಲ್ಲ. ಮೊದಲೆಲ್ಲ ಬೆಂಡೆ ಹೂ ಬಿಟ್ಟರೆ ಮಕ್ಕಳು ನನ್ನ ಸೆರಗು ಎಳೆದುಕೊಂಡು ಹೋಗಿ ತೋರಿಸ್ತಿದ್ರು. ಈಗ ಅವಳ ಫೋನಿಗೆ ತೋರಿಸ್ತಾರೆ. ಅಲಸಂಡೆಯ ಮೊದಲ ಕಟ್ಟು ನನಗೆ ಅಂತ ತೆಗೆದಿಡ್ತಿದ್ರು, ಈ ವರ್ಷ ಅದು ಅವಳ ಕಾರಿನ ಡಿಕ್ಕಿಗೆ ಹೋಯ್ತು. ಶನಿವಾರ ಕಾಲೇಜಿನ ಹುಡುಗ ಹುಡುಗಿಯರು ಬರ್ತಾರಲ್ಲ, ವಾಲಂಟಿಯರ್ಸ್, ಅವರು ಕೂಡ ಬಂದವರೇ ಕೇಳುವುದು, 'ಆಶಾ ಮೇಡಂ ಬಂದ್ರಾ?' ನಾನು ಅಲ್ಲೇ ನಿಂತಿರ್ತೇನೆ, ಕೈಯಲ್ಲಿ ಹಟ್ಟಿಗೊಬ್ಬರದ ಬುಟ್ಟಿ ಹಿಡ್ಕೊಂಡು.

…

ಪ್ರೀತಿ ಮಾಡ್ತಾಳೆ, ಇಲ್ಲ ಅಂದೆನಾ? ಒಂದೊಂದು ಮಗುವಿನ ಹುಟ್ಟಿದ ದಿನ ಗೊತ್ತುಂಟು ಅವಳಿಗೆ. ಕೇಕ್ ತರ್ತಾಳೆ. ನನಗೆ ಯಾವ ಮಗುವಿನ ಕೈಗೆ ಯಾವ ಗಿಡ ಹಿಡೀತದೆ ಅಂತ ಗೊತ್ತುಂಟು. ಅದಕ್ಕೆ ಮೇಣದಬತ್ತಿ ಹಚ್ಚಲಿಕ್ಕೆ ಆಗ್ತದಾ ಟೀಚರ್?

…

ಬೋರ್ಡಿನ ವಿಷಯ ತೆಗೀಬೇಡಿ. … ತೆಗೆದ್ರಲ್ಲ, ಇನ್ನು ಕೇಳಿ. ಆ ಬಸಳೆ ಯಾರದ್ದು? ಬಜಪೆಯಿಂದ, ನನ್ನ ಅಮ್ಮನ ಬಚ್ಚಲಿನ ಹಿಂದಿನ ದಂಟು, ಒದ್ದೆ ಬಟ್ಟೆ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದದ್ದು. ಕಂಡಕ್ಟರ್ ಕೇಳಿದ, ಮಗುವಾ ಅಂತ. ತೋಟದಲ್ಲಿ ಮೊದಲು ಚಿಗುರಿದ್ದು ಅದು. ಮಕ್ಕಳು ನನಗೆ ಬಸಳೆ ಅಜ್ಜಿ ಅಂತ ಹೆಸರಿಟ್ಟದ್ದೂ ಅದರಿಂದ. ಅವಳು ಎಂತ ಮಾಡಿದ್ದು? ನಾನು ಕಟ್ಟಿಸಿದ ಚಪ್ಪರ ಬಿಚ್ಚಿ ಕಬ್ಬಿಣದ ಪೈಪಿನದ್ದು ಹಾಕಿಸಿದ್ದು. ಅಷ್ಟಕ್ಕೆ ಮಕ್ಕಳು 'ಆಶಾ ಮೇಡಂ ಬಸಳೆ' ಅಂತ ಹಳದಿ ಬೋರ್ಡ್ ಹಾಕಿದ್ರು! ಅದರ ಮೇಲೆ ದೊಡ್ಡ ಕೆಂಪು ಹೂ ಬೇರೆ! ಬಸಳೆಯಲ್ಲಿ ಅಂಥ ಹೂ ಎಲ್ಲಿ ಬಿಡ್ತದೆ? ಆ ಬೋರ್ಡ್ ನೋಡಿದ ದಿನ ನನಗೆ ಊಟ ಸೇರಲಿಲ್ಲ, ದೇವರಾಣೆ.

…

ಒಂದು ನಿಮಿಷ ಟೀಚರ್, ನಮ್ಮವರು ಎಂತದೋ… ಓಯ್! ಆ ನೀಲಿ ಬಕೆಟ್ ಮುಟ್ಬೇಡಿ! ಸ್ಕೂಟರ್ ತೊಳೀಲಿಕ್ಕೆ ಈ ಮನೆಯಲ್ಲಿ ಬೇರೆ ಬಕೆಟ್ ಇಲ್ವಾ? … ಅದರ ಮೇಲಿನ ಗೋಣಿ ತೆಗೀಬೇಡಿ ಅಂದೆ! … ತೆಗೆದ್ರಾ. … ಎಂತ ಬಸಳೆ ಇದು ಅಂತ ಬೊಬ್ಬೆ ಹಾಕಬೇಡಿ, ಫೋನಿನಲ್ಲಿ ಟೀಚರ್ ಇದ್ದಾರೆ. ಹೋಗಿ ನೀವು, ಹೋಗಿ.

…

ಎಂತ ಇಲ್ಲ ಟೀಚರ್, ವಯಸ್ಸಾಯ್ತಲ್ಲ ಇವರಿಗೆ, ಸುಮ್ಮನೆ ಬೊಬ್ಬೆ. … ಬಸಳೆ ಅಂದದ್ದು ಕೇಳಿತಾ. ಹಾಂ… ಬಸಳೆಯೇ. ಮಾರ್ಕೆಟಿಂದ ತಂದದ್ದು. ನಾಳೆ ಮರುವಾಯಿ ಚಿಪ್ಪುಮೀನು ಹಾಕಿ ಪದಾರ್ಥ ಮಾಡುವ ಅಂತ.

…

ಒಂದು ದಂಟು ಮಕ್ಕಳಿಗಾ? ಇಲ್ಲ ಇಲ್ಲ. ಅದು ಬೇರೆ ಜಾತಿ. ಅದು ಅಲ್ಲಿ ಹಿಡಿಯುವುದಿಲ್ಲ. ಬಿಡಿ ಅದನ್ನು. ಅಲ್ಲ, ನೀವು ಇಷ್ಟು ಹೊತ್ತು ಮಾತಾಡ್ತಾ ಇದ್ದೀರಿ, ಇದು ಯಾರ ಫೋನು?

…

ಅವಳದ್ದಾ! ನೀವು ಈಗ ಹೇಳುವುದಾ? ಅವಳು ಪಕ್ಕದಲ್ಲೇ ಇದ್ದಾಳಾ? ಸ್ಪೀಕರ್ ಹಾಕಿದ್ದೀರಾ? … ಹಾಂ. ಅಷ್ಟು ದೂರ ಇದ್ದಾಳಾ. ಹಲಸಿನ ಮರದ ಕೆಳಗೆ. … ಎಂತ, ಅಳುವುದಾ? ಆಶಾಲತಾ? ಅವಳಿಗೆ ಅಳಲಿಕ್ಕೆ ಎಂತಾಯ್ತು?

…

ಜಾಬಿರ್? ನಮ್ಮ ಪೈಪಿನ ಜಾಬಿರಾ? … ಅವಳ ಕೀ ಅವನಲ್ಲಿತ್ತಾ. … ಹ್ಞೂಂ. ಕೆಡ್ಡಸ ಕಳೆದು ಮಂಗಳವಾರ ಬಾ ಅಂತ ಕೊಟ್ಟದ್ದು. ಅವನು ನಿನ್ನೆ ಭಾನುವಾರವೇ ಬಂದು, ಗೊತ್ತಿಲ್ಲದೆ, ಪೈಪ್ ಹಾಕಲಿಕ್ಕೆ ಅಂತ ಅಗೆದು ಬಿಸಾಡಿರಬೇಕು, ಹಾಗಾ? … ಅಂದರೆ ಕೆಡ್ಡಸ ಅವಳಿಗೆ ಗೊತ್ತಿತ್ತು. ನನ್ನ ರೂಲ್ ಅಂತ ಹೇಳಿದಳಾ? 'ವಾರಿಜಕ್ಕನ ರೂಲ್' ಅಂತ?

…

ಅವನು ಎಂತ ಹೇಳಿದ? … ನಿನ್ನೆ ಇಡೀ ದಿನ ಪಂಪ್‌ವೆಲ್ ಸರ್ಕಲಿನ ಹತ್ತಿರ ಕೆಲಸ ಇತ್ತು, ನಾನು ಬರಲೇ ಇಲ್ಲ ಅಂತ. … ನಂಬಲಿಲ್ವಾ? ಯಾರೂ ನಂಬಲಿಲ್ವಾ? … ಕೀ ಕೊಡು, ಇನ್ನು ಈ ತೋಟಕ್ಕೆ ಕಾಲಿಡಬೇಡ ಅಂದಳಾ! ಜಾಬಿರಿಗಾ? ಮಕ್ಕಳ ಎದುರಿನಲ್ಲಾ?

…

ಛೆ. … ಛೆ ಛೆ, ಅದು ಸಮ ಆಗಲಿಲ್ಲ ಟೀಚರ್. ಅವನು ಸುಳ್ಳು ಹೇಳುವ ಜನ ಅಲ್ಲ. ಮೊದಲನೇ ವರ್ಷ ಆ ಬಾವಿಗೆ ಇಳಿದು ಕೆಸರು ತೆಗೆದವನು ಯಾರು? ರಂಜಾನ್ ಉಪವಾಸ, ಬಾಯಿಗೆ ಒಂದು ತೊಟ್ಟು ನೀರಿಲ್ಲ, ತಲೆ ಮೇಲೆ ಬಿಸಿಲು. ಬೇಡ ಮಾರಾಯ, ಹಬ್ಬ ಕಳೆದು ಮಾಡುವ ಅಂದರೆ ಕೇಳಲಿಲ್ಲ. ಮಕ್ಕಳು ನೀರು ಹೊತ್ತು ಸುಸ್ತಾಗ್ತಾರೆ ವಾರಿಜಕ್ಕ ಅಂದ. ಅಂಥವನ ಮೇಲೆ… ಅಂಥವನ ಮೇಲೆ ಹೇಳಿದರೆ ನಾಲಗೆಗೆ ಹುಳ ಬೀಳ್ತದೆ.

…

ಅವನಲ್ಲದಿದ್ದರೆ ಯಾರು ಅಂದರೆ ನಾನೆಂತ ಹೇಳಲಿ? ನನ್ನನ್ನು ಯಾಕೆ ಕೇಳ್ತೀರಿ? … ಎಂತ? ಯಾರು ಯಾರನ್ನು ಕ್ಷಮಿಸುವುದು?

…

ನಾನಾ? ಅವಳನ್ನಾ?

…

ನಿಲ್ಲಿ ಟೀಚರ್, ನಿಲ್ಲಿ. ಅದಕ್ಕೆ ಫೋನ್ ಮಾಡಿದ್ದಾ ನೀವು? … ನನ್ನ ಕೀಯಿಂದ ಆದ ತಪ್ಪು, ವಾರಿಜಕ್ಕ ಇನ್ನು ನನ್ನ ಮುಖ ನೋಡಲಿಕ್ಕಿಲ್ಲ ಅಂತ ಅಳುವುದಾ. … ತೋಟ ಬಿಡ್ತೇನೆ ಅಂದಳಾ. … ಇನ್ನು ಬರುವುದೇ ಇಲ್ಲ ಅಂತ. ಹಾಂ…

…

ಇದ್ದೇನೆ ಟೀಚರ್, ಇದ್ದೇನೆ. ಲೈನಿನಲ್ಲೇ ಇದ್ದೇನೆ. ಎಂತ ಇಲ್ಲ. ನಿನ್ನೆವರೆಗೆ ಈ ಒಂದು ಮಾತು ಕೇಳಬೇಕು ಅಂತ ನಾನು ಎಷ್ಟು ಸಲ ಆಸೆಪಟ್ಟದ್ದು! ಅವಳು ಬಿಟ್ಟಳಂತೆ, ಹೋದಳಂತೆ. ಈಗ ಕೇಳಿದರೆ ಬೇಕಾಗಿರಲಿಲ್ಲ ಅನ್ನಿಸ್ತದೆ.

…

ಸರಿ, ಒಂದು ಕೆಲಸ ಮಾಡಿ. ಕ್ಷಮಿಸಿದೆ ಅಂತ ಹೇಳಿಬಿಡಿ. … ಹೌದು, ಪೂರ್ತಿ ಕ್ಷಮಿಸಿದೆ ಅಂತ. ತೋಟ ಬಿಡುವುದು ಬೇಡ ಅಂತ. ಜಾಬಿರನ್ನೂ ಕ್ಷಮಿಸಿದೆ ಅಂತ ಹೇಳಿ. ಮುಗೀತಲ್ಲ? ಇನ್ನು ಇಡ್ಲಾ ನಾನು?

…

ಯಾಕೆ ಮುಗಿಯಲಿಲ್ಲ? … ಹೌದಾ. ಮಾಡದ ತಪ್ಪಿಗೆ ನನಗೆ ಯಾರ ಕ್ಷಮೆಯೂ ಬೇಡ ಅಂದನಾ ಜಾಬಿರ್. … ಹೌದು, ಅವನು ಹಾಗೆ ಹೇಳುವವನೇ.

…

ಪ್ರಾಪ್ತಿಗೆ ಮಾತಾಡ್ಬೇಕಂತಾ? ಬೇಡ ಟೀಚರ್. ಕೊಡಬೇಡಿ. ನನಗೆ ಒಲೆಯ ಮೇಲೆ ನುಗ್ಗೆ ಬದನೆ ಉಂಟು, ಅಡಿ ಹಿಡೀತದೆ. ಆಮೇಲೆ ಮಾತಾಡ್ತೇನೆ ಅಂತ ಹೇಳಿ. ಟೀಚರ್… ಟೀಚರ್, ಕೊಡಬೇಡಿ ಅಂದೆ…

…

ಹಲೋ. … ಹಾಂ ಮಗಾ. ಅಜ್ಜಿಯೇ. ಅಳಬೇಡ. ಮೂಗು ಒರೆಸಿಕೋ ಮೊದಲು. ತಿಂಡಿ ತಿಂದಿಯಾ?

…

ನನಗೆ ಹೇಳುವುದು ಬೇಡ ಅಂತ ಇದ್ರಾ? ಯಾಕೆ? … ಬಸಳೆ ಅಜ್ಜಿಗೆ ತುಂಬ ಬೇಜಾರಾಗ್ತದೆ ಅಂತ. … ಎಲ್ಲಿಂದಾದರೂ ಬೇರೆ ದಂಟು ತಂದು ಊರಿ, ನಾನು ಬರುವಾಗ ಗೊತ್ತೇ ಆಗದ ಹಾಗೆ ಮಾಡುವ ಅಂತ ಮಾತಾಡಿದ್ರಾ. ಎಲ್ಲ ಮಕ್ಕಳೂ ಸೇರಿ? … ಹ್ಞೂಂ. ಟೀಚರ್ ಸುಳ್ಳು ಬೇಡ ಅಂದ್ರು. ಒಳ್ಳೆಯದಾಯ್ತು.

…

ಒಂದು ಕೇಳ್ತೇನೆ ಮಗಾ, ಸರಿ ಹೇಳಬೇಕು. ಆ ಬಸಳೆಗೆ ನನ್ನ ಹೆಸರು ಬಿಟ್ಟು ಆಶಾ ಮೇಡಂ ಹೆಸರು ಬರೆದದ್ದು ಯಾಕೆ?

…

ಅವರಿಗೆ ಅವರದ್ದು ಅಂತ ಒಂದು ಗಿಡ ಕೂಡ ಇರಲಿಲ್ಲ. ಪಾಪ ಕಂಡಿತು. ಹಾಂ… ಅದಕ್ಕೆ ನನ್ನದನ್ನು ಕೊಟ್ರಾ? … ಕೇಳಿದರೆ ಬಸಳೆ ಅಜ್ಜಿ ಕೊಟ್ಟೇ ಕೊಡ್ತಾರೆ ಅಂತ ನೀನು ಹೇಳಿದ್ದಾ.

…

ಇಲ್ಲ ಮಗಾ, ಅಜ್ಜಿ ಅಳುವುದಲ್ಲ. ಒಲೆಯ ಹೊಗೆ. … ಹೌದು, ಗ್ಯಾಸೇ. ಗ್ಯಾಸಿನಲ್ಲೂ ಕೆಲವು ಸಲ ಹೊಗೆ ಬರ್ತದೆ.

…

ಭೂಮಿಗೆ ನೋವಾಗಿರ್ತದಾ ಅಂತಾ? … ಆಗಿರ್ತದೆ. … ಅಗೆದವರಿಗಾ? ಅವರಿಗೆ ಎಂತ ಆಗ್ತದೆ ಅಂದರೆ… ರಾತ್ರಿ ನಿದ್ರೆ ಬರುವುದಿಲ್ಲ ಮಗಾ. ಕಾಲುಗಂಟು ನೋಯ್ತದೆ.

…

ಜಾಬಿರ್ ಅಂಕಲ್ ಹೋದರಾ? … ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಿದ್ದಾರಾ. ಬೈಕಿನ ಕೀ ಕೈಯಲ್ಲಿ ಹಿಡ್ಕೊಂಡು ಸುಮ್ಮನೆ. … ನೀನು ನೀರು ಕೊಟ್ಟಿಯಾ? ಕುಡಿಯಲಿಲ್ವಾ? … ಒಳ್ಳೆಯ ಕೆಲಸ ಮಾಡಿದಿ, ನೀನಾದರೂ ಕೊಟ್ಟಿಯಲ್ಲ.

…

ನೀನು ನಡೀತಾ ಇದ್ದೀಯಾ? ಎಲ್ಲಿಗೆ? … ಹೊಂಡದ ಹತ್ತಿರ ಬೇಡ ಪ್ರಾಪ್ತಿ, ಅಲ್ಲಿ ಬಾವಿ ಹತ್ತಿರ ಲೈನ್ ಹೋಗ್ತದೆ. … ಬೇರಿನ ತುಂಡು ಉಳಿದಿದೆಯಾ ನೋಡ್ಲಿಕ್ಕಾ? ಉಳಿದಿಲ್ಲ. ನಂಗೆ ಗೊತ್ತುಂಟು ಉಳಿದಿಲ್ಲ ಅಂತ. ಕೈಯಲ್ಲೇ ಮಣ್ಣು ಬಿಡಿಸಿ ಬಿಡಿಸಿ ತೆಗೆದದ್ದು, ಒಂದು ಬೇರೂ ತುಂಡಾಗಲಿಲ್ಲ. … ನಿಲ್ಲು ಅಲ್ಲೇ. ಮಗಾ, ನಿಲ್ಲು, ಅಜ್ಜಿ ಹೇಳುವುದು ಕೇಳು. ಬಸಳೆ ಸತ್ತಿಲ್ಲ. ಇಲ್ಲಿ ಉಂಟು, ನನ್ನ ಮನೆಯಲ್ಲಿ, ನೀಲಿ ಬಕೆಟಿನಲ್ಲಿ. ಊರಲಿಕ್ಕೆ ನನ್ನಿಂದ ಆಗಲಿಲ್ಲ. ಪುನಃ ಅಗೀಬೇಕಲ್ಲ, ಕೆಡ್ಡಸ ಅಲ್ವಾ. … ಜಾಬಿರ್ ಅಲ್ಲ ಮಗಾ. ಆಶಾ ಮೇಡಂ ಅಲ್ಲ. ನಿನ್ನೆ ಮಧ್ಯಾಹ್ನ, ನೀನು ಬರೆದ ಕಾಗದ ಓದಿ, ಬೀಗ ತೆಗೆದು ಒಳಗೆ ಬಂದು ಕಿತ್ತದ್ದು ನಾನು. ಹೊಟ್ಟೆಕಿಚ್ಚಿಗೆ ಕಿತ್ತದ್ದು. ನಿಮ್ಮ ಬಸಳೆ ಅಜ್ಜಿ. ಕೇಳಿತಾ?

…

ಪ್ರಾಪ್ತಿ? … ಹಲೋ? … ಹಲೋ, ಮಗಾ, ಕೇಳಿತಾ ನಾನು ಹೇಳಿದ್ದು? … ಹಲೋ…

…

ಕಟ್ಟಾಯ್ತು. … ಓಯ್, ಇಲ್ಲಿ ಬನ್ನಿ. ಸ್ಕೂಟರ್ ತೊಳೆದದ್ದು ಸಾಕು, ಸ್ಟಾರ್ಟ್ ಮಾಡಿ. ಬಕೆಟ್ ನಾನು ಮಡಿಲಲ್ಲಿ ಹಿಡ್ಕೊಳ್ತೇನೆ. … ಎಲ್ಲಿವರೆಗೆ ಕೇಳಿತೋ ಗೊತ್ತಿಲ್ಲ ಮಾರಾಯ್ರೆ, ಇನ್ನೊಂದು ಸಲ ಹೇಳ್ಬೇಕು. ಗೇಟಿನ ಹೊರಗೆ ಕೂತವನಿಗೆ ಮೊದಲು.